ಕನ್ನಡಿ ಜಾಸ್ತಿ, ಕನ್ನಡ ಇಲ್ಲ: ‘ಸೆಲ್ಫ್’ ಕಾರ್ಡ್ ಸೆಟ್ ಹೇಗಿದೆ?

ಜೂನ್‌ನಲ್ಲಿ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಸೆಟ್ ತಗೊಂಡೆ. ಇಂಗ್ಲಿಷಿನ ಮೈಸೆಲ್ಫ್, ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ಇಂಥ ಪದಗಳನ್ನು ಚಿಕ್ಕ ಮಕ್ಕಳಿಗೆ ಕಲಿಸೋಕೆ ಅಂತಲೇ ಮಾಡಿದ್ದು. 40 ಕಾರ್ಡು, ಒಂದು ದಾಳ, ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಕನ್ನಡಿ. 280 ರೂಪಾಯಿ. ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ, ಎರಡೂ ಸೇರಿ 11 ಮಕ್ಕಳು. ಮೂರನೇ ಕ್ಲಾಸಿನ ತನಕ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆಯ ಮೂಲಕ ಕಲಿಸೋ ಪದ್ಧತಿ) ಕಾರ್ಡ್ ಹಿಡಿದುಕೊಂಡೇ ಓದಿದವರು, ಹಾಗಾಗಿ ಡಬ್ಬಿ ಬಿಚ್ಚಿದ ಕೂಡಲೇ ಮುಗಿಬಿದ್ದರು.

ಮೊದಲ ತೊಂದರೆ ಮೂರನೇ ದಿನ ಗೊತ್ತಾಯಿತು. ‘ಮೈಸೆಲ್ಫ್ ಅಂದರೆ ಏನು?’ ಅಂತ ಕೇಳಿದೆ. ‘ಕನ್ನಡಿ ಮಿಸ್!’ ಅಂದರು, ನಾಲ್ಕೈದು ಜನ ಒಟ್ಟಿಗೆ. ಅವರದ್ದು ತಪ್ಪಲ್ಲ. ಕಾರ್ಡ್ ತಿರುಗಿಸಿ ನೋಡಿದರೆ ಮುಕ್ಕಾಲು ಪಾಲು ಚಿತ್ರಗಳಲ್ಲಿ ಯಾರೋ ಕನ್ನಡಿ ಮುಂದೆ ನಿಂತಿದ್ದಾರೆ, ಹುಡುಗ ನಿಂತಿದ್ದಾನೆ, ಹುಡುಗಿ ನಿಂತಿದ್ದಾಳೆ, ಬೆಕ್ಕೂ ನಿಂತಿದೆ.

ಆಮೇಲೆ ಕಾರ್ಡ್ ಬದಿಗಿಟ್ಟು ಉಂಬಳ, ಅಂದರೆ ರಕ್ತ ಹೀರೋ ಜಿಗಣೆ, ಹಿಡಿದೆ. ಪಾಠಕ್ಕೆ ಮಾತ್ರ, ಕೈಯಲ್ಲಿ ಅಲ್ಲ. ‘ಉಂಬಳ ನನ್ನನ್ನು ಕಚ್ಚಿತು’, ಕಚ್ಚಿದ್ದು ಉಂಬಳ, ಕಚ್ಚಿಸಿಕೊಂಡಿದ್ದು ನಾನು, ಅಲ್ಲಿ ‘ಮಿ’. ಈಗ ಎಲ್ಲರೂ ನಿಮ್ಮ ಕೈ ನೀವೇ ಚಿವುಟಿಕೊಳ್ಳಿ ಅಂದೆ. ಚಿವುಟಿದ್ದು ಯಾರು? ನಾನು. ನೋವಾಗಿದ್ದು ಯಾರಿಗೆ? ನನಗೇ. ಅಲ್ಲಿ ‘ಮೈಸೆಲ್ಫ್’. ಹತ್ತು ನಿಮಿಷದಲ್ಲಿ ಹತ್ತಿತು. ಪಕ್ಕದವನನ್ನು ಚಿವುಟಿ ‘ಹಿಮ್ ಮಿಸ್, ಹಿಮ್’ ಅಂದವರೂ ಇದ್ದರು ಬಿಡಿ.

ನಮ್ಮ ಮಕ್ಕಳಿಗೆ ಈ ವಿಷಯ ಮೊದಲೇ ಗೊತ್ತು. ಹೊಡೆದ ಅಂದರೆ ಬೇರೆಯವರಿಗೆ, ಹೊಡೆದುಕೊಂಡ ಅಂದರೆ ತನಗೇ. ರವಿ ‘ಅವನ’ ಚೀಲ ತಂದ, ರವಿ ‘ತನ್ನ’ ಚೀಲ ತಂದ, ಎರಡಕ್ಕೂ ಇರೋ ವ್ಯತ್ಯಾಸ ಐದು ವರ್ಷದ ಕೂಸಿಗೂ ತಿಳಿಯುತ್ತೆ. ಕನ್ನಡ ವ್ಯಾಕರಣದಲ್ಲಿ ತಾನು, ತಾವು ಇವಕ್ಕೆ ಆತ್ಮಾರ್ಥಕ ಸರ್ವನಾಮ ಅಂತ ಹೆಸರೇ ಇದೆ. ಈ ಸೆಟ್‌ನ ಶಿಕ್ಷಕರ ಕೈಪಿಡಿ ಕನ್ನಡದಲ್ಲೇ ಇದ್ದರೂ ಇದರ ಒಂದು ಸಾಲೂ ಅದರಲ್ಲಿಲ್ಲ.

ಆದರೆ ‘ಕೊಂಡ’ದ ಮೇಲೆ ಪೂರ್ತಿ ಭಾರ ಹಾಕಬೇಡಿ, ನಾನು ಹಾಕಿ ಪೆಟ್ಟು ತಿಂದೆ. ಮಲಗಿಕೊಂಡ, ಕುಳಿತುಕೊಂಡ ಇವೆಲ್ಲಾ ಇವೆಯಲ್ಲ, ಮರುದಿನ ಒಬ್ಬ ‘ಹಿ ಸ್ಲೆಪ್ಟ್ ಹಿಮ್‌ಸೆಲ್ಫ್’ ಅಂತ ಬರೆದು ತಂದ. ಇನ್ನು ‘ನಾನೇ ಅಡಿಕೆ ಸುಲಿದೆ’ ಅನ್ನೋದಕ್ಕೂ ಇಂಗ್ಲಿಷಿನಲ್ಲಿ ಮೈಸೆಲ್ಫ್ ಬರುತ್ತೆ, ಅದು ಒತ್ತಿ ಹೇಳೋಕೆ. ಅಡಿಕೆ ಸುಲಿಯೋ ಮೆಟ್ಟುಗತ್ತಿಯಲ್ಲಿ ಕೈ ಕುಯ್ದುಕೊಂಡರೆ ಬರೋ ಮೈಸೆಲ್ಫ್ ಬೇರೆ. ಸೆಟ್‌ನಲ್ಲಿ ಎರಡನ್ನೂ ಒಂದೇ ಬಣ್ಣದ ಕಾರ್ಡಿನಲ್ಲಿ ಕಲಸಿಟ್ಟಿದ್ದಾರೆ.

ಚೆನ್ನಾಗಿರೋದು ಜೋಡಿಸೋ ಕಾರ್ಡು. ಪದವನ್ನು ಎರಡು ತುಂಡು ಮಾಡಿದ್ದಾರೆ, ಮುಂದಿನ ತುಂಡು ಒಂದು, ಸೆಲ್ಫ್ ಅಥವಾ ಸೆಲ್ವ್ಸ್ ಇನ್ನೊಂದು. ಮೈ, ಯುವರ್, ಅವರ್ ಅಂದರೆ ನನ್ನ, ನಿನ್ನ, ನಮ್ಮ. ಅದೇ ಲೆಕ್ಕ ಹಿಡಿದು ಮಕ್ಕಳು ‘ಹಿಸ್‌ಸೆಲ್ಫ್’, ‘ದೇರ್‌ಸೆಲ್ವ್ಸ್’ ಅಂತಾರೆ, ಅಂದಿದ್ದೂ ನ್ಯಾಯವೇ. ಇಂಗ್ಲಿಷೇ ಅಲ್ಲಿ ದಾರಿ ಬಿಟ್ಟು ಹಿಮ್, ದೆಮ್ ಹಿಡಿದಿದೆ. ಈ ಸೆಟ್‌ನಲ್ಲಿ ‘ಹಿಸ್’ ತುಂಡು ಕೂರೋದೇ ಇಲ್ಲ, ಎಷ್ಟು ಒತ್ತಿದರೂ. ನಾನು ಬಾಯಿ ಬಿಡದೆ ಅವರೇ ತಿದ್ದಿಕೊಂಡರು. ಲೀಫ್ ಲೀವ್ಸ್ ಆದ ಹಾಗೆ ಸೆಲ್ಫ್ ಸೆಲ್ವ್ಸ್ ಆಗುತ್ತೆ ಅನ್ನೋ ಕಾರ್ಡೂ ಒಳ್ಳೆಯದು. ಎಂಟು ಪದಗಳು ಒಂದೇ ವಾರದಲ್ಲಿ ಬಾಯಿಗೆ ಬಂದವು.

ನೀನು, ನೀವು ಮಾತ್ರ ಕೈಕೊಟ್ಟಿತು. ಒಬ್ಬಳು ನನಗೇ ‘ಯುವರ್‌ಸೆಲ್ವ್ಸ್’ ಅಂದಳು. ಒಬ್ಬಳೇ ಇದ್ದೀನಲ್ಲೇ ಅಂದರೆ, ‘ಮಿಸ್‌ಗೆ ನೀನು ಅನ್ನಬಾರದಲ್ಲ!’ ಅಂದಳು. ಇಂಗ್ಲಿಷ್ ಇಲ್ಲಿ ತಲೆ ಎಣಿಸುತ್ತೆ, ಮರ್ಯಾದೆ ನೋಡಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಕೋಪ ಬಂದಿದ್ದು 12ನೇ ಕಾರ್ಡಿಗೆ. ‘ಮೈಸೆಲ್ಫ್ ರಾಹುಲ್’ ಅಂತ ಅಚ್ಚಾಗಿದೆ! ಹೆಸರು ಹೇಳೋವಾಗ ಹೀಗೆ ಅನ್ನಬಾರದು, ‘ಐ ಆಮ್ ರಾಹುಲ್’ ಅನ್ನಬೇಕು ಅಂತ ತಿದ್ದಿ ತಿದ್ದಿ ನನಗೆ ಸಾಕಾಗಿದೆ, ದುಡ್ಡು ಕೊಟ್ಟು ಅದೇ ತಪ್ಪು ಮನೆಗೆ ತಂದ ಹಾಗಾಯಿತು. ಆ ಕಾರ್ಡ್ ತೆಗೆದು ಬೀರುವಿನಲ್ಲಿಟ್ಟಿದ್ದೇನೆ.

ಲ್ಯಾಮಿನೇಷನ್ ನಮ್ಮ ಮಳೆಗೆ ಲಾಯಕ್ಕಿಲ್ಲ. ಜುಲೈ ಮುಗಿಯೋದರೊಳಗೆ ಮೂಲೆ ಎದ್ದು, ಕಾರ್ಡುಗಳು ಹಪ್ಪಳದ ಹಾಗೆ ಡೊಂಕಾದವು. ನಾನೀಗ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆ ಕೋಣೆಯ ಒಲೆ ಹತ್ತಿರ ಇಡುತ್ತೇನೆ. ದಾಳದ ಒಂದು ಮುಖದಲ್ಲಿ ಅಚ್ಚೇ ಇರಲಿಲ್ಲ. ಅಂಗಡಿಯವರು ‘ಅದಕ್ಕೇನು ಮೇಡಂ, ತನ್ನಿ’ ಅಂತ ತಕರಾರಿಲ್ಲದೆ ಬದಲಾಯಿಸಿ ಕೊಟ್ಟರು.

ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಬರೀ ಜೋಡಿಸೋ ಕಾರ್ಡಿಗೆ. ತಗೊಳ್ಳೋದಾದರೆ ಮಳೆ ಹಿಡಿಯೋ ಮುಂಚೆ ತಗೊಳ್ಳಿ, ಕನ್ನಡಿಯನ್ನು ಮೊದಲ ವಾರ ಮಕ್ಕಳ ಕಣ್ಣಿಗೆ ತೋರಿಸಬೇಡಿ.