ತುಕ್ಕು ಹಿಡಿದ ಜೀಪಿಗೆ ಬಳ್ಳಾರಿಯ ಬೋರ್ಡಿಲ್ಲದ ಟಿಂಕರಿಂಗ್ ಶೆಡ್: ಐದಕ್ಕೆ ನಾಲ್ಕು ಸ್ಟಾರ್

ಹಳೇ ಜೀಪು ತಗೊಂಡು ಸರಿ ಮಾಡಿಸಬೇಕು ಅನ್ನುವ ಆಸೆ ಬಳ್ಳಾರಿಯಲ್ಲಿ ಬಹಳ ಜನಕ್ಕಿದೆ. ಗಣಿ ಕಡೆ ಓಡಾಡಿ ದಣಿದ ಜೀಪುಗಳು ಈಗಲೂ ಯಾರದೋ ಹಿತ್ತಲಲ್ಲಿ, ಯಾವುದೋ ಯಾರ್ಡಿನ ಮೂಲೆಯಲ್ಲಿ ನಿಂತಿವೆ. ಹುಡುಕಿದರೆ ಸಿಗುತ್ತವೆ. ತೊಂದರೆ ಶುರುವಾಗುವುದು ಆಮೇಲೆ. ಇಂಜಿನ್ ಬಿಚ್ಚುವ ಮೆಕ್ಯಾನಿಕ್ ಯಾವ ರಸ್ತೆಗೆ ಹೋದರೂ ಇದ್ದಾರೆ. ಕೊಳೆತ ತಗಡನ್ನು ನಂಬಿಕೆಯಿಂದ ಕೊಡಬಹುದಾದ ಟಿಂಕರ್, ಅಂದರೆ ಗಾಡಿಯ ತಗಡಿನ ಕೆಲಸದವರು, ಸಿಗುವುದೇ ಕಷ್ಟ.

ನನಗೆ ಸಿಕ್ಕವರು ಕೌಲ್ ಬಜಾರ್ ಕಡೆ ಇದ್ದಾರೆ. ತಗಡಿನ ಶೆಡ್, ಬೋರ್ಡಿಲ್ಲ. ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಯಾವಾಗಲೂ ಒಂದೆರಡು ಲಾರಿ ಕ್ಯಾಬಿನ್. ಹೆಸರು, ನಂಬರು ಹಾಕಬೇಡಿ ಅಂದಿದ್ದಾರೆ, ಇರುವ ಕೆಲಸವೇ ಜಾಸ್ತಿಯಂತೆ. ಎಲ್ಲರೂ ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆ ಕಡೆ ಹೋಗಿ ಲಾರಿ ಕ್ಯಾಬಿನ್ ಮಾಡುವ ಉಸ್ತಾದ್ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನನ್ನ ಕಸುಬು ಜೀನ್ಸ್ ಹೊಲಿಸುವುದು. ಸಣ್ಣ ಯೂನಿಟ್ಟು. ಗಾಡಿ ಓಡಿಸುವುದು ಬಿಟ್ಟರೆ ಗಾಡಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ತಗೊಂಡಿದ್ದು ಮಹೀಂದ್ರ ಎಂಎಂ 540, 2,112 ಸಿಸಿ ಪ್ಯೂಜೋ ಡೀಸೆಲ್ ಇಂಜಿನ್, ನಾಲ್ಕು ಗೇರು, ಫೋರ್ ವೀಲ್ ಡ್ರೈವ್. ಸಂಡೂರಿನ ಒಬ್ಬ ಕಂಟ್ರಾಕ್ಟರ್ ಹತ್ತಿರ ಇತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ನಿಲ್ಲಿಸಿದ ಗಾಡಿ. ಆಮೇಲೆ ಗಣಿಗಳು ಒಂದೊಂದಾಗಿ ಶುರುವಾದವು, ಜೀಪು ಮಾತ್ರ ಅಲ್ಲೇ ಉಳಿಯಿತು.

ನಮ್ಮ ಕಡೆ ಗಾಳಿ ಒಣಗಿದ್ದು. ಹಾಗಾಗಿ ಮಂಗಳೂರು ಕಡೆಯ ಗಾಡಿಯಷ್ಟು ಇಲ್ಲಿನ ಗಾಡಿ ಕೊಳೆಯುವುದಿಲ್ಲ ಅನ್ನುವುದು ನಿಜ. ಆದರೆ ಗಣಿ ಜೀಪಿನ ಕಥೆ ಬೇರೆ. ಅದಿರಿನ ಕೆಂಪು ಧೂಳು ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಸಂದಿಯಲ್ಲಿ, ಫ್ಲೋರಿನ ಅಡಿಯ ಚಾನೆಲ್ಲಿನಲ್ಲಿ ತುಂಬಿಕೊಂಡಿರುತ್ತದೆ. ಮಳೆ ಬಂದರೆ ಆ ಮಣ್ಣು ವಾರಗಟ್ಟಲೆ ತೇವ ಹಿಡಿದುಕೊಳ್ಳುತ್ತದೆ. ಇನ್ನೊಂದು ತಮಾಷೆ ಏನೆಂದರೆ, ಅದಿರು ಯಾವುದು ತುಕ್ಕು ಯಾವುದು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಎರಡೂ ಕಬ್ಬಿಣದ ಆಕ್ಸೈಡೇ ಅಲ್ವಾ. ಬಣ್ಣವೂ ಹೆಚ್ಚುಕಡಿಮೆ ಒಂದೇ. ಮಾರುವವರು "ಬರೀ ಧೂಳು ಸಾರ್, ತೊಳೆದರೆ ಹೋಗುತ್ತೆ" ಅಂತ ಧೈರ್ಯವಾಗಿ ಹೇಳಬಹುದು. ನನಗೂ ಹಾಗೇ ಹೇಳಿದರು.

ಮೊದಲು ಒಂದು ದೊಡ್ಡ ಗ್ಯಾರೇಜಿಗೆ ತೋರಿಸಿದ್ದೆ. ಅವರು ಗಾಡಿಯ ಸುತ್ತ ಒಂದು ರೌಂಡ್ ಹೊಡೆದು, ಫೋಟೋ ತೆಗೆದು, ಪೇಂಟ್ ಸೇರಿ ಒಟ್ಟು ರೇಟು ಹೇಳಿಬಿಟ್ಟರು. ಕೆಳಗೆ ಬಗ್ಗಿ ನೋಡಲೇ ಇಲ್ಲ. ಉಸ್ತಾದ್ ರೇಟೇ ಹೇಳಲಿಲ್ಲ. ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂ ಡ್ರೈವರ್, ಸ್ಪೀಕರಿನಿಂದ ಕಿತ್ತ ಒಂದು ಮ್ಯಾಗ್ನೆಟ್ ತಗೊಂಡು ಬಂದರು. ಗಾಡಿಯ ಕೆಳಗೆ ಮಲಗಿದರು. ಟಣ್ ಅಂದ ಜಾಗ ಬಿಟ್ಟರು. ಡಬ್ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಮ್ಯಾಗ್ನೆಟ್ ಹಿಡಿಯದ ಕಡೆ ಸ್ಕ್ರೂ ಡ್ರೈವರ್ ಒತ್ತಿದರೆ ಒಳಗೇ ಹೋಯಿತು. ಎದ್ದು ಬಂದು ಹೇಳಿದ್ದು ಇಷ್ಟು: "ಅಣ್ಣಾ, ಎಡಗಡೆ ಇರೋದು ಗಾಡಿ ಅಲ್ಲ, ಪುಟ್ಟಿ. ನಡುಮಧ್ಯೆ ಸ್ವಲ್ಪ ತಗಡು ಐತೆ."

ಪುಟ್ಟಿ ಅಂದರೆ ತೂತು, ತಗ್ಗು ಮುಚ್ಚಲು ಮೆತ್ತುವ ಪೇಸ್ಟು. ನಾನು ಅಲ್ಲೇ ಒಪ್ಪಿಕೊಂಡೆ.

ಇವರ ಕೆಲಸದಲ್ಲಿ ನನಗೆ ಹಿಡಿಸಿದ್ದು, ಕೊಳೆತಿದ್ದನ್ನು ಮುಚ್ಚುವುದಿಲ್ಲ. ಬಿಳಿ ಕಬ್ಬಿಣ ಕಾಣುವವರೆಗೆ ಕತ್ತರಿಸುತ್ತಾರೆ. ತುಕ್ಕಿನ ಮೇಲೆ ತಗಡು ಇಟ್ಟು ಬೆಸೆಯುವವರು ಬಹಳ ಜನ, ಅದು ಎರಡು ಮಳೆಗಾಲ ಬಾಳುತ್ತದೆ ಅಷ್ಟೇ. ಡ್ರೈವರ್ ಕಾಲಿಡುವ ಜಾಗ, ಬ್ಯಾಟರಿ ಟ್ರೇ ಕೆಳಗೆ, ಹಿಂದಿನ ಪ್ಯಾನಲ್ಲಿನ ಬುಡ, ವಿಂಡ್‌ಶೀಲ್ಡ್ ಫ್ರೇಮಿನ ತಳ, ಇಷ್ಟೂ ಹೋಯಿತು. ಫ್ಲೋರಿಗೆ 16 ಗೇಜ್, ಮಿಕ್ಕಿದ್ದಕ್ಕೆ 18 ಗೇಜ್ ಶೀಟು. ಅಂದರೆ ಸುಮಾರು 1.6 ಮತ್ತು 1.2 ಮಿಲಿಮೀಟರ್. ಇಷ್ಟು ತೆಳು ತಗಡಿಗೆ ಕಿಟಕಿ ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಹಾಕಿದರೆ ತೂತು ಬೀಳುತ್ತದೆ. ಇವರ ಹತ್ತಿರ ಸಣ್ಣ ತಂತಿ ಮತ್ತು ಗ್ಯಾಸ್‌ನಲ್ಲಿ ಬೆಸೆಯುವ ಸಿಒಟು ವೆಲ್ಡಿಂಗ್ ಮಷಿನ್ ಇದೆ. ನೀವು ಬೇರೆ ಯಾವ ಶೆಡ್ಡಿಗೆ ಹೋದರೂ ಮೊದಲು ಆ ಮಷಿನ್ ಇದೆಯಾ ನೋಡಿ.

ಬೆಸೆಯುವ ರೀತಿ ನೋಡಿ ನನಗೆ ನಮ್ಮ ಯೂನಿಟ್ಟೇ ನೆನಪಾಯಿತು. ಒಂದೇ ಸಲ ಉದ್ದಕ್ಕೆ ಎಳೆಯುವುದಿಲ್ಲ. ಹೊಸಬರಿಗೆ ಪ್ಯಾಂಟ್ ಹೊಲಿಯುವುದು ಕಲಿಸುವಾಗ ಮೊದಲು ಕಚ್ಚಾ ಹೊಲಿಗೆ ಹಾಕಿಸುತ್ತೇವಲ್ಲ, ಹಾಗೆ ಇಲ್ಲೊಂದು ಚುಕ್ಕೆ, ಗೇಣು ಬಿಟ್ಟು ಅಲ್ಲೊಂದು ಚುಕ್ಕೆ. ತಣ್ಣಗಾಗಲು ಬಿಟ್ಟು ನಡುವೆ ಇನ್ನೊಂದು. ಅವಸರ ಮಾಡಿದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಸೊಟ್ಟಗಾದರೆ ಮತ್ತೆ ಪುಟ್ಟಿಯೇ ಗತಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿದರು, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು. ಬಾಡಿ ಎತ್ತುವ ಮೊದಲು ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕಡೆ ಅಳತೆ ನೋಡಿದರು. ಎರಡೂ ಒಂದೇ ಬಂತು. ಬರದಿದ್ದರೆ ಚಾಸಿ ತಿರುಚಿದೆ ಅಂತ ಅರ್ಥ, ಆಗ ಬಾಡಿಯ ಮೇಲೆ ದುಡ್ಡು ಹಾಕುವುದು ದಂಡ.

ಬೋಲ್ಟ್ ಬಿಚ್ಚುವ ಒಂದು ಕಲೆ ಇಲ್ಲಿ ಕಲಿತೆ. ತುಕ್ಕು ಹಿಡಿದು ಕೂತ ನಟ್ಟನ್ನು ಗ್ಯಾಸ್‌ನಲ್ಲಿ ಕಾಯಿಸಿ, ಬೆಂಕಿ ತೆಗೆದು, ಅದಕ್ಕೆ ಮೇಣದಬತ್ತಿ ಮುಟ್ಟಿಸುತ್ತಾರೆ. ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿದರೆ ಕಿರ್ ಅಂತ ತಿರುಗುತ್ತದೆ. ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿಯುವ ಶ್ಯಾಕಲ್ ಬೋಲ್ಟುಗಳೆಲ್ಲ ಹೀಗೇ ಬಂದವು.

ಬಾಡಿ ಮತ್ತು ಚಾಸಿ ನಡುವಿನ ರಬ್ಬರ್ ಪ್ಯಾಕಿಂಗ್ ಪುಡಿಯಾಗಿತ್ತು. ಹೊಸದು ಆರ್ಡರ್ ಮಾಡೋಣ ಅಂದೆ. ಉಸ್ತಾದ್ ಹಳೇ ಕನ್ವೇಯರ್ ಬೆಲ್ಟಿನ ತುಂಡು ತೆಗೆದು ಅದರಲ್ಲೇ ಕತ್ತರಿಸಿ ಕೊಟ್ಟರು. ಒಳಗೆ ನೂಲಿನ ಪದರ ಇರುತ್ತದೆ, ಹಿಸುಕಿದರೂ ಹರಿಯುವುದಿಲ್ಲ. ಗಣಿ ಊರಿನಲ್ಲಿ ಇದೊಂದು ಲಾಭ.

ಮೊದಲ ಸಲ ಗಾಡಿ ಮಾಡಿಸುವವರಿಗೆ ಈ ಶೆಡ್ಡೇ ಯಾಕೆ ಅಂತ ಕೇಳಿದರೆ ನನ್ನ ಉತ್ತರ ಒಂದೇ. ಇವರು ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ದೊಡ್ಡ ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಟೀ ಕೊಡುತ್ತಾರೆ, ಒಳಗೆ ಬಿಡುವುದಿಲ್ಲ. ಇಲ್ಲಿ ಟೀ ನಾವೇ ತರಿಸಬೇಕು, ವೈರ್ ಬ್ರಷ್ ಕೈಗೆ ಕೊಡುತ್ತಾರೆ. ಪ್ಯಾನಲ್ ಉಜ್ಜುವುದು, ಬೋಲ್ಟ್ ತೊಳೆಯುವುದು, ಅಡಿಯ ಮಣ್ಣು ಕೆರೆಯುವುದು ಎಲ್ಲ ನಾನೇ ಮಾಡಿದೆ. ಅಷ್ಟು ಕೂಲಿ ಬಿಲ್ಲಿನಲ್ಲಿ ಕಮ್ಮಿಯಾಯಿತು. ಎಲ್ಲಿ ಏನು ಕೊಳೆತಿತ್ತು ಅನ್ನುವುದು ನನಗೆ ಈಗ ಕಣ್ಣು ಮುಚ್ಚಿದರೂ ಗೊತ್ತು.

ಸಣ್ಣ ಸಾಮಾನು ಮನೆಗೆ ತಂದು ತಾರಸಿ ಮೇಲೆ ಕರೆಂಟಿನಿಂದ ತುಕ್ಕು ಬಿಡಿಸಿದೆ. ನೀಲಿ ಪ್ಲಾಸ್ಟಿಕ್ ಡ್ರಮ್, ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ. ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಸೋಡಾ ಮೂಟೆಗಟ್ಟಲೆ ಇರುತ್ತದೆ, ಒಬ್ಬರ ಹತ್ತಿರ ಒಂದು ಡಬ್ಬಿ ಕೇಳಿದೆ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕಿನ ಸಾಮಾನಿಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ, ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಸರಳಿನ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಮಾತ್ರ ಹಾಕಲೇಬೇಡಿ, ಅದರಲ್ಲಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಗ್ಯಾಸ್ ಬರುವುದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡ. ನಮ್ಮ ಮನೆಯವರು ಹಪ್ಪಳ ಒಣಗಿಸುವ ಜಾಗ ಅದು. ಅವರ ಅಭಿಪ್ರಾಯ ಇಲ್ಲಿ ಬರೆಯುವುದಿಲ್ಲ.

ಬರೀ ಚಾಸಿಯನ್ನು ತೋರಣಗಲ್ಲು ಕಡೆಯ ಒಂದು ಫ್ಯಾಬ್ರಿಕೇಷನ್ ಯಾರ್ಡಿಗೆ ಕಳಿಸಿ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಸಣ್ಣ ಕಾಳು ಹೊಡೆದು ತುಕ್ಕು ತೆಗೆಯುವುದು, ಮಾಡಿಸಿದೆ. ಸ್ಟೀಲ್ ಫ್ಯಾಕ್ಟರಿ ಊರು, ಈ ಕೆಲಸ ಮಾಡುವವರಿಗೆ ಬರವಿಲ್ಲ. ಬಾಡಿಯ ಚಪ್ಪಟೆ ತಗಡಿಗೆ ಬ್ಲಾಸ್ಟಿಂಗ್ ಬೇಡ ಅಂದವರು ಉಸ್ತಾದ್. ಹೊಡೆತಕ್ಕೆ ತಗಡು ಉಬ್ಬುತ್ತದಂತೆ. ಹೊಳೆ ಮರಳಿನಲ್ಲಿ ಹೊಡೆಯುವವರ ಹತ್ತಿರ ಹೋಗಬೇಡಿ. ಆ ಧೂಳಿನಿಂದ ಕೆಲಸದ ಹುಡುಗರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ. ಮರಳಿನ ಬದಲು ಗಾರ್ನೆಟ್ ಕಲ್ಲಿನ ಕಾಳು ಅಥವಾ ಸ್ಟೀಲ್ ಗ್ರಿಟ್ ಹಾಕುತ್ತೀರಾ ಅಂತ ಕೇಳಿ.

ಇನ್ನು ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂತ ಹೇಳಬೇಕು.

ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿ ಕೋಟಿನ ವಿಷಯದಲ್ಲಿ ನನಗೂ ಉಸ್ತಾದರಿಗೂ ಜಗಳವೇ ಆಯಿತು. ಅವರದು ರೆಡ್ ಆಕ್ಸೈಡ್ ಪಕ್ಷ. "ನಮ್ಮ ಅಬ್ಬಾ ಕಾಲದಿಂದ ಇದೇ ಅಣ್ಣಾ" ಅಂತಾರೆ. ಆದರೆ ಅದು ತೇವ ಎಳೆಯುತ್ತದೆ. ಮೇಲಿನ ಬಣ್ಣ ಬೀಳುವುದು ತಡವಾದರೆ ಅದರ ಅಡಿಯಲ್ಲೇ ತುಕ್ಕು ಶುರು. ನಮ್ಮಂಥವರ ಗಾಡಿ ದುಡ್ಡು ಹೊಂದಿದಾಗ ಮುಂದೆ ಹೋಗುತ್ತದೆ, ಪ್ರೈಮರಿನಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದಕ್ಕೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರೇ ಬೇಕು ಅಂತ ಪಟ್ಟು ಹಿಡಿದೆ. ಕೊನೆಗೆ ಡಬ್ಬಿ ನಾನೇ ತಂದುಕೊಟ್ಟ ಮೇಲೆ ಹೊಡೆದರು, ಮುಖ ಗಂಟು ಹಾಕಿಕೊಂಡೇ. ಚಾಸಿಯ ಒಳಗೆ ಸುಟ್ಟ ಇಂಜಿನ್ ಆಯಿಲ್ ಸುರಿಯುವ ಅಭ್ಯಾಸವೂ ಇವರಿಗಿದೆ. ಅದು ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ, ರಬ್ಬರನ್ನು ತಿನ್ನುತ್ತದೆ. ಬೇಡ ಅಂತ ಮೊದಲೇ ಹೇಳಿಬಿಡಿ. ಟೊಳ್ಳು ಜಾಗದೊಳಗೆ ಹೊಡೆಯುವ ಮೇಣದಂಥ ಕ್ಯಾವಿಟಿ ಕೋಟಿಂಗ್ ಸ್ಪ್ರೇ ಸಿಗುತ್ತದೆ, ಅದನ್ನು ತಂದುಕೊಟ್ಟರೆ ಆಯಿತು. ಫ್ಲೋರಿನಲ್ಲಿ ನೀರು ಹೋಗುವ ತೂತುಗಳನ್ನು ಉಳಿಸಿದ್ದಾರೆ, ಅದಕ್ಕೆ ಭೇಷ್.

ಪೇಂಟ್ ಮಾತ್ರ ಇಲ್ಲಿ ಬೇಡವೇ ಬೇಡ. ಬಾಗಿಲಿಲ್ಲದ ಶೆಡ್, ಎದುರು ರಸ್ತೆ. ಒಣಗುವಷ್ಟರಲ್ಲಿ ಬಣ್ಣದ ಮೇಲೆ ಧೂಳು ಕೂತಿರುತ್ತದೆ. ಧೂಳು ಬರದ ಮುಚ್ಚಿದ ಪೇಂಟ್ ಬೂತ್ ಇರುವ ಕಡೆ ಹೋಗಿ. ಮಿಲಿಟರಿ ಹಸಿರು ಹೊಡೆಸೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂತು. ಕೇಂದ್ರ ಮೋಟಾರು ವಾಹನ ನಿಯಮದ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಯಾವ ಬಣ್ಣಕ್ಕೆ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ನಾನು ಆರ್‌ಸಿಯಲ್ಲಿದ್ದ ಬಿಳಿಯನ್ನೇ ಹೊಡೆಸಿದೆ. ಕೆಂಪು ಧೂಳಿನ ಊರಿನಲ್ಲಿ ಬಿಳಿ ಜೀಪು, ನಗಬೇಡಿ.

ಟೈಮು ಹೇಳಿದ್ದಕ್ಕೆ ಡಬಲ್ ಹಿಡಿಯುತ್ತಾರೆ. ಲಾರಿ ಕ್ಯಾಬಿನ್ ಬಂದರೆ ನಿಮ್ಮ ಗಾಡಿ ಪಕ್ಕಕ್ಕೆ. ಅವರ ಹೊಟ್ಟೆಪಾಡು ಅದು, ತಪ್ಪು ಅನ್ನುವುದಿಲ್ಲ. ಆದರೆ ಫೋನು ಎತ್ತಿ ಅಷ್ಟು ಹೇಳಬಹುದಲ್ವಾ. ಬಿಲ್ಲು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿರುತ್ತದೆ. ವಾರಕ್ಕೊಮ್ಮೆ ಫೋಟೋ ತೆಗೆದುಕೊಳ್ಳಿ. ನನಗೆ ಟಿಂಕರಿಂಗ್ ಕೂಲಿ 46,000 ರೂಪಾಯಿ ಆಯಿತು, ಶೀಟು ಮತ್ತು ಗ್ಯಾಸು ಬೇರೆ. ದೊಡ್ಡ ಗ್ಯಾರೇಜು ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡೆಯಲು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ನನಗೆ ಬೇಜಾರಿಲ್ಲ. ಪೂರ್ತಿ ಹೊಸ ಬಾಡಿ ಬೇಕೆನ್ನುವವರು ಹರಿಯಾಣದ ಡಬ್ವಾಲಿಯಿಂದ ತರಿಸುತ್ತಾರೆ. ಅದೂ ಒಂದು ದಾರಿ. ನನಗೆ ಸಂಡೂರಿನಲ್ಲಿ ಓಡಿದ ಈ ತಗಡೇ ಬೇಕಿತ್ತು.

ಗಾಡಿ ತರುವ ಮೊದಲು ಕಾಗದ ನೋಡಿಕೊಳ್ಳಿ, ಇದು ಶೆಡ್ಡಿನ ವಿಷಯ ಅಲ್ಲದಿದ್ದರೂ ಹೇಳುತ್ತೇನೆ. ಸ್ವಂತ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟಿನಲ್ಲಿ ಬಂದ ನಿಯಮದಂತೆ 20 ವರ್ಷ ದಾಟಿದ ಕಾರು, ಜೀಪಿಗೆ ನವೀಕರಣ ಶುಲ್ಕ 10,000 ರೂಪಾಯಿ. ತಡವಾಗಿದ್ದರೆ ದಂಡ ಬೇರೆ. ವಿಂಟೇಜ್ ಅಂತ ಮಾಡಿಸೋಣ ಅನ್ನುವವರಿಗೆ: ಅದಕ್ಕೆ ಗಾಡಿಗೆ 50 ವರ್ಷ ಆಗಿರಬೇಕು, ಆದರೂ ದಿನಾ ರಸ್ತೆಗೆ ತರುವಂತಿಲ್ಲ. ಎಂಎಂ 540ಗೆ ಇನ್ನೂ ಆ ವಯಸ್ಸಾಗಿಲ್ಲ.

ಶೆಡ್ ಭಾನುವಾರವೂ ತೆರೆದಿರುತ್ತದೆ, ನೌಕರಿಯಲ್ಲಿರುವವರಿಗೆ ಅನುಕೂಲ. ಶುಕ್ರವಾರ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಬೆಳಗ್ಗೆ ಏಳಕ್ಕೇ ಹೋಗಿ. ಹನ್ನೊಂದರ ಮೇಲೆ ತಗಡು ಮುಟ್ಟಲು ಆಗುವುದಿಲ್ಲ, ಉಸ್ತಾದರೂ ಬೇವಿನ ಮರದ ಕೆಳಗೆ ಮಲಗಿರುತ್ತಾರೆ. ಕೈಗವಸು, ಮಾಸ್ಕು, ಕಣ್ಣಿಗೆ ಗಾಗಲ್ಸು ನಿಮ್ಮದೇ ಇರಲಿ. ಅಲ್ಲಿ ಇರುವುದು ಒಂದೇ ಗಾಗಲ್ಸು, ಅದರ ಒಂದು ಗಾಜು ಒಡೆದಿದೆ.