ಕೋಸಂಬರಿಗೆ ನಾಲ್ಕು ಬಗೆ ತುರಿಮಣೆ: ನಾನು ಉಳಿಸಿಕೊಂಡಿದ್ದು ಒಂದೇ

ನಮ್ಮ ಮನೆಯಲ್ಲಿ ಕ್ಯಾರೆಟ್ ಕೋಸಂಬರಿ ಹಬ್ಬದ ಅಡುಗೆ ಅಲ್ಲ, ವಾರಕ್ಕೆ ಐದು ದಿನದ ಅಡುಗೆ. ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಮಧ್ಯಾಹ್ನ ಅನ್ನಕ್ಕೆ ಕೈ ಹಾಕುವ ಮೊದಲು ಒಂದು ಬಟ್ಟಲು ಹಸಿ ತರಕಾರಿ ತಿನ್ನುವುದು ರೂಢಿಯಾಯಿತು. ಮಗಳ ಕಾಲೇಜಿನ ಡಬ್ಬಿಗೂ ಅದೇ ಹೋಗುತ್ತದೆ. ಅತ್ತೆಗೆ ಕೆಳದವಡೆಯಲ್ಲಿ ಹಲ್ಲಿಲ್ಲ, ಆದರೂ ಕೋಸಂಬರಿ ಬಿಡುವವರಲ್ಲ. ಅವರಿಗೆ ತುರಿ ಸಣ್ಣಗಿರಬೇಕು. ಮಗಳು ಒಂದು ಗಂಟೆಗೆ ಡಬ್ಬಿ ಮುಚ್ಚಳ ತೆಗೆದಾಗ ತುರಿ ಉದುರುದುರಾಗಿರಬೇಕು, ತಳದಲ್ಲಿ ಕೆಂಪು ನೀರು ನಿಂತಿರಬಾರದು. ಇವೆರಡೂ ಒಂದೇ ಸಾಮಾನಿನಿಂದ ಆಗಬೇಕು ಅಂತ ಒಂದೂವರೆ ವರ್ಷದಲ್ಲಿ ನಾಲ್ಕು ಬಗೆ ಬಳಸಿ ನೋಡಿದೆ. ಅತ್ತೆಯ ಕಾಲದ ಚಪ್ಪಟೆ ಸ್ಟೀಲ್ ತುರಿಮಣೆ, ಹಿಡಿ ತಿರುಗಿಸುವ ಡ್ರಮ್, ಮಿಕ್ಸಿಯ ಫುಡ್ ಪ್ರೊಸೆಸರ್, ಕೊನೆಗೆ ತುಮಕೂರಿನ ಮಂಡಿಪೇಟೆಯಲ್ಲಿ 340 ರೂಪಾಯಿಗೆ ಸಿಕ್ಕ ನಾಲ್ಕು ಮುಖದ ಸ್ಟೀಲ್ ತುರಿಮಣೆ. ಈಗ ದಿನವೂ ಕೈಗೆ ಬರುವುದು ಈ ಕೊನೆಯದೇ. ಉಳಿದವು ಯಾಕೆ ಬರಲಿಲ್ಲ ಅನ್ನುವುದನ್ನು ಹೇಳುತ್ತೇನೆ.

ಹಗ್ಗ ಎಳೆಯುವ ಚಾಪರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಕೊಚ್ಚುತ್ತದೆ, ತುರಿಯುವುದಿಲ್ಲ. ಕ್ಯಾರೆಟ್ ಅಕ್ಕಿ ನುಚ್ಚಿನ ಹಾಗೆ ಗಟ್ಟಿ ಹರಳಾಗಿ ಬೀಳುತ್ತದೆ, ಅತ್ತೆ ಒಂದೇ ತುತ್ತಿಗೆ ಬಟ್ಟಲು ಪಕ್ಕಕ್ಕಿಟ್ಟರು.

ಅತ್ತೆಯ ಚಪ್ಪಟೆ ತುರಿಮಣೆ ಹತ್ತಿರ ಹತ್ತಿರ ಮೂವತ್ತು ವರ್ಷದ್ದು. ಅದರ ಮೇಲೆ ನನಗೆ ಪ್ರೀತಿ ಇದೆ, ಆದರೆ ಅದರ ಹಲ್ಲು ಸವೆದಿದೆ. ಹಲ್ಲು ಮೊಂಡಾದ ತುರಿಮಣೆ ತರಕಾರಿಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಮೊದಲು ನನಗೂ ಇದು ಹೊಳೆದಿರಲಿಲ್ಲ. ಡಬ್ಬಿಯಲ್ಲಿ ನೀರು ಬಿಡುವುದು ಉಪ್ಪಿನಿಂದ ಮಾತ್ರ ಅಂದುಕೊಂಡು ಉಪ್ಪು ಕಡಿಮೆ ಮಾಡುತ್ತಲೇ ಹೋದೆ, ರುಚಿ ಕೆಟ್ಟಿತೇ ಹೊರತು ನೀರು ಬಿಡುವುದು ನಿಲ್ಲಲಿಲ್ಲ. ಆಮೇಲೆ ಒಂದು ಭಾನುವಾರ ಕೂತು ನೋಡಿದೆ. ಒಂದೇ ಕಂತೆಯ ಕ್ಯಾರೆಟ್, ಕಾಲು ಕೆಜಿ ಇದರಲ್ಲಿ, ಕಾಲು ಕೆಜಿ ಹೊಸ ತುರಿಮಣೆಯಲ್ಲಿ. ಎರಡಕ್ಕೂ ಅರ್ಧರ್ಧ ಟೀ ಚಮಚ ಉಪ್ಪು ಬೆರೆಸಿ, ಎರಡು ಜರಡಿಗೆ ಹಾಕಿ, ಕೆಳಗೆ ಬಟ್ಟಲಿಟ್ಟು ಒಂದು ಗಂಟೆ ಬಿಟ್ಟೆ. ಹಳೆಯದರ ಕೆಳಗೆ ನಾಲ್ಕು ಚಮಚದ ಹತ್ತಿರ ನೀರು ಇಳಿದಿತ್ತು. ಹೊಸದರ ಕೆಳಗೆ ಒಂದೂವರೆ ಚಮಚ. ಉಪ್ಪು ನೀರನ್ನು ಎಳೆಯುವುದು ನಿಜ, ಆದರೆ ಜಜ್ಜಿದ ತುರಿಯಲ್ಲಿ ನೀರು ಮೊದಲೇ ಹೊರಗೆ ಬಂದು ಕಾಯುತ್ತಿರುತ್ತದೆ. ಮೂಲಂಗಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅದರ ಘಾಟು ಹುಟ್ಟುವುದೇ ತಿರುಳು ಒಡೆದಾಗ, ಒಳಗೆ ಬೇರೆ ಬೇರೆಯಾಗಿದ್ದ ಅಂಶಗಳು ಬೆರೆತಾಗ. ಹೆಚ್ಚು ಜಜ್ಜಿದಷ್ಟೂ ಹೆಚ್ಚು ಘಾಟು. ಹಾಗೆ ಜಜ್ಜಿದ ಮೂಲಂಗಿಯ ಡಬ್ಬಿಯನ್ನು ಮಗಳು ಕ್ಲಾಸಿನಲ್ಲಿ ತೆರೆಯಲಾರದೆ ಹಾಗೇ ವಾಪಸು ತಂದಿದ್ದಳು.

ಇನ್ನು ಡ್ರಮ್. ಕಳೆದ ಬೇಸಿಗೆಯಲ್ಲಿ ಊರಿನ ಒಂದು ವಸ್ತುಪ್ರದರ್ಶನದಲ್ಲಿ ಕಂಡಿದ್ದು. ಮಳಿಗೆಯ ಹುಡುಗ ಒಂದು ಕೆಜಿ ಕ್ಯಾರೆಟನ್ನು ಮಾತಾಡುತ್ತಲೇ ತುರಿದು ಗುಡ್ಡೆ ಹಾಕಿಬಿಟ್ಟ. ಕೆಳಗಿನ ರಬ್ಬರ್ ಬುಡವನ್ನು ಮೇಜಿಗೆ ಒತ್ತಿ, ಪಕ್ಕದ ಕೀಲಿ ತಿರುಗಿಸಿ, "ಅಕ್ಕಾ, ನೀವೇ ಎಳೆದು ನೋಡಿ" ಅಂದ. ಎಳೆದೆ, ಮೇಜೇ ಅಲ್ಲಾಡಿತು, ಡ್ರಮ್ ಬರಲಿಲ್ಲ. ಕೈಗೆ ಗಾಯವಿಲ್ಲ, ಶ್ರಮವಿಲ್ಲ, ತುರಿಯೂ ಎಳೆ ಎಳೆಯಾಗಿ ಚೆಂದ ಬೀಳುತ್ತಿತ್ತು. 950 ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ಅಡುಗೆ ಕಟ್ಟೆಯ ಮೇಲೆ ಒತ್ತಿ ಕೀಲಿ ತಿರುಗಿಸಿದೆ. ಕೂತಿತು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕಳಚಿಕೊಂಡು ವಾಲಿತು. ಮತ್ತೆ ಒತ್ತಿದೆ, ಮತ್ತೆ ಕಳಚಿತು. ನಮ್ಮದು ಹಳೇ ಮನೆ, ಕಟ್ಟೆ ಕಡಪಾ ಕಲ್ಲಿನದು. ಈ ರಬ್ಬರ್ ಬುಡ ಕೆಲಸ ಮಾಡುವುದು ಒಳಗಿನ ಗಾಳಿ ಹೊರಗೆ ಹೋಗಿ, ಹೊರಗಿನ ಗಾಳಿ ಮೇಲಿಂದ ಒತ್ತುವುದರಿಂದ. ಕೂದಲೆಳೆಯಷ್ಟು ಸಂದಿ ಇದ್ದರೂ ಗಾಳಿ ಒಳಗೆ ನುಗ್ಗುತ್ತದೆ, ಹಿಡಿತ ಹೋಗುತ್ತದೆ. ಕಡಪಾ ಕಲ್ಲು ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಸವೆಯುತ್ತದೆ. ಆ ಕಟ್ಟೆಯ ಮೇಲೆ ಇಪ್ಪತ್ತು ವರ್ಷದಿಂದ ನಿಂಬೆಹಣ್ಣು ಹಿಂಡಿದ್ದೇವೆ, ಹುಣಸೆಹಣ್ಣು ಕಿವುಚಿದ್ದೇವೆ. ಒಲೆಯ ಪಕ್ಕ, ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ಅಂಗೈ ಆಡಿಸಿದರೆ ಮರಳು ಕಾಗದದಂತೆ ತರತರ ಅನ್ನುತ್ತದೆ. ಮೂಲೆಯಲ್ಲಿ, ಡಬ್ಬಗಳ ಹಿಂದೆ, ಇನ್ನೂ ನುಣುಪಿದೆ. ಅಲ್ಲಿ ಡ್ರಮ್ ಕೂರುತ್ತದೆ, ಆದರೆ ಹಿಡಿ ತಿರುಗಿಸಲು ಮೊಣಕೈ ಆಡುವುದಿಲ್ಲ.

ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ, ದುಡ್ಡು ಕೊಟ್ಟಿದ್ದೆ. ಬುಡಕ್ಕೆ ನೀರು ಸವರಿದೆ, ಎರಡು ನಿಮಿಷ ನಿಂತಿತು. ರಬ್ಬರಿನ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದೆ, ಹಿಡಿಯಿತು, ಆದರೆ ತಿರುಗಿಸಿದಂತೆಲ್ಲ ಪಕ್ಕಕ್ಕೆ ಜಾರುತ್ತಾ ಹೋಯಿತು. ದೊಡ್ಡ ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ಕೂರಿಸಿದೆ. ಡ್ರಮ್ ತಟ್ಟೆಗೆ ಗಟ್ಟಿಯಾಗಿ ಅಂಟಿತು, ತಟ್ಟೆಯೇ ಡ್ರಮ್ಮಿನ ಜೊತೆ ಸುತ್ತತೊಡಗಿತು. ನೆಲದ ಮೇಲಿಟ್ಟರೆ ಕೂರುತ್ತಿತ್ತು, ನಮ್ಮ ರೆಡ್ ಆಕ್ಸೈಡ್ ನೆಲ ನುಣುಪಾಗಿದೆ. ಆದರೆ ಬೆಳಿಗ್ಗೆ ಆರೂವರೆಗೆ ಒಲೆಯ ಮೇಲೆ ಪಲ್ಯ ಇಟ್ಟು ನೆಲಕ್ಕೆ ಕೂತು ಏಳುವುದು ನನ್ನ ಮಂಡಿಗೆ ಆಗಲಿಲ್ಲ. ಕೊನೆಗೆ ಕಲ್ಲಿನ ಅಂಗಡಿಯಿಂದ ಒಂದು ಪಾಲಿಶ್ ಮಾಡಿದ ಗ್ರಾನೈಟ್ ತುಂಡು ತಂದೆ, ಕೆಳಗೆ ಒದ್ದೆ ಬಟ್ಟೆ ಹಾಸಿ ಕಟ್ಟೆಯ ಮೇಲಿಟ್ಟೆ. ಅದು ಸರಿಹೋಯಿತು. ಡ್ರಮ್ ಅಲುಗಲಿಲ್ಲ, ಅರ್ಧ ಕೆಜಿ ಕ್ಯಾರೆಟ್ ಎರಡು ನಿಮಿಷದ ಕೆಲಸ. ಆದರೆ ದಿನವೂ ಆ ಕಲ್ಲನ್ನು ಎತ್ತಿಡುವುದು, ಒರೆಸುವುದು, ವಾಪಸು ಗೋಡೆಗೆ ಒರಗಿಸುವುದು ಮೂರು ವಾರಕ್ಕೆ ಸಾಕಾಯಿತು. ಒಂದು ದಿನ ಕಲ್ಲು ಎತ್ತಲು ಸೋಮಾರಿತನ ಮಾಡಿ ಬರೀ ಕಟ್ಟೆಯ ಮೇಲೆ ತಿರುಗಿಸಿದೆ. ಡ್ರಮ್ ಮಗುಚಿ ನೆನೆಸಿದ ಹೆಸರುಬೇಳೆಯ ಪಾತ್ರೆಯನ್ನೂ ಎಳೆದುಕೊಂಡು ಕೆಳಗೆ ಬಿತ್ತು. ಬೇಳೆ ಬಳಿಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು, "ಇದನ್ನ ಹಿಡ್ಕೊಳಕ್ಕೆ ಒಬ್ರು, ತಿರುಗ್ಸಕ್ಕೆ ಒಬ್ರು ಬೇಕಲ್ಲಮ್ಮ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದರು. ಅವತ್ತೇ ಅದನ್ನು ಒರೆಸಿ ಡಬ್ಬಕ್ಕೆ ಹಾಕಿದೆ.

ಡ್ರಮ್ ಕೆಟ್ಟ ಸಾಮಾನಲ್ಲ. ಕೊಳ್ಳುವ ಮೊದಲು ನಿಮ್ಮ ಕಟ್ಟೆಯ ಮೇಲೆ ಅಂಗೈ ಆಡಿಸಿ ನೋಡಿಕೊಳ್ಳಿ ಅಂತಷ್ಟೇ ನನ್ನ ಮಾತು. ಪ್ರದರ್ಶನದ ಮೇಜಿಗೆ ಸನ್‌ಮೈಕಾ ಹೊಡೆದಿತ್ತು, ನಾನು ಅದನ್ನು ಗಮನಿಸಬೇಕಿತ್ತು.

ಫುಡ್ ಪ್ರೊಸೆಸರ್ ದೊಡ್ಡ ಲೆಕ್ಕದ ಕೆಲಸಕ್ಕೆ. ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ, ಕೋಸಂಬರಿ ಹಂಚುತ್ತೇವೆ. ಅಂತರಸನಹಳ್ಳಿ ಮಾರುಕಟ್ಟೆಯಿಂದ ತಂದ ಐದು ಕೆಜಿ ಕ್ಯಾರೆಟ್ ಅದರಲ್ಲಿ ಕಾಲು ಗಂಟೆಗೆ ಮುಗಿಯಿತು. ದಿನದ ಮೂರು ಕ್ಯಾರೆಟ್ಟಿಗೆ ಮಾತ್ರ ಬೇಡ. ಬಟ್ಟಲು, ಮುಚ್ಚಳ, ನಡುವಿನ ಕಡ್ಡಿ, ಬಿಲ್ಲೆ, ಒತ್ತುವ ದಿಂಡು ಅಂತ ಐದು ಸಾಮಾನು ತೊಳೆಯಬೇಕು, ಬಿಲ್ಲೆಯ ಮೇಲೆ ಒಂದು ಹೋಳು ತುರಿಯದೆ ಸುತ್ತುತ್ತಲೇ ಇರುತ್ತದೆ.

ನಾಲ್ಕು ಮುಖದ್ದು ಹಾಗಲ್ಲ. ಅಗಲವಾದ ತಟ್ಟೆಯೊಳಗೆ ನಿಲ್ಲಿಸಿ, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಯಾವ ಕಲ್ಲಿನ ಮೇಲಾದರೂ ಸರಿ, ಕದಲುವುದಿಲ್ಲ. ಎಡಗೈ ಮೇಲಿನ ಹಿಡಿಯ ಮೇಲೆ, ಬಲಗೈಯಲ್ಲಿ ಕ್ಯಾರೆಟ್. ದೊಡ್ಡ ತೂತಿನ ಮುಖ ಮಗಳ ಡಬ್ಬಿಗೆ, ಸಣ್ಣ ತೂತಿನದು ಅತ್ತೆಯ ಬಟ್ಟಲಿಗೆ. ಮಗ್ಗುಲು ತಿರುಗಿಸಿದರೆ ಆಯಿತು, ಬೇರೆ ಸಾಮಾನು ಹುಡುಕಬೇಕಿಲ್ಲ. ಮುಳ್ಳುಮುಳ್ಳಾದ ಮುಖ ಶುಂಠಿಗೆ ಮಾತ್ರ, ಅದರಲ್ಲಿ ಕ್ಯಾರೆಟ್ ತುರಿದರೆ ಮುದ್ದೆಯಾಗುತ್ತದೆ. ಕ್ಯಾರೆಟನ್ನು ನೇರ ನಿಲ್ಲಿಸಿ ತಿಕ್ಕಿದರೆ ಗಿಡ್ಡ ಗಿಡ್ಡ ಚೂರು ಬೀಳುತ್ತದೆ, ಓರೆಯಾಗಿ ಮಲಗಿಸಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದ ಎಳೆತ ಎಳೆದರೆ ಶಾವಿಗೆಯಂಥ ಎಳೆ ಬರುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟ ಗಟ್ಟಿ ಕ್ಯಾರೆಟ್ ಆದರೆ ಇನ್ನೂ ಚೆಂದ. ಬಾಡಿದ್ದನ್ನು ತುರಿಯಲೇಬೇಡಿ.

ದೋಷವೂ ಇದೆ. ಬೆರಳ ಗಿಣ್ಣು ತರಚುತ್ತದೆ. ಕೊನೆಯ ಒಂದು ಇಂಚನ್ನು ತುರಿಯಲು ಹೋಗದೆ ಸಾರಿನ ಬೇಳೆಗೆ ಹಾಕುವ ಅಭ್ಯಾಸ ಮಾಡಿಕೊಂಡೆ. ತುರಿದ ತಕ್ಷಣ ನಲ್ಲಿಯ ಕೆಳಗೆ ಹಿಡಿಯದಿದ್ದರೆ ಒಳಗಿನ ಮೂಲೆಗಳಲ್ಲಿ ಎಳೆ ಒಣಗಿ ಅಂಟಿಕೊಳ್ಳುತ್ತದೆ, ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು.

ಸೌತೆಕಾಯಿಗೆ ಇವು ಯಾವುವೂ ಬೇಡ. ಅದರಲ್ಲಿ ಶೇಕಡ 95ರಷ್ಟು ನೀರೇ ಇರುವುದು, ತುರಿದರೆ ಕೈಯಲ್ಲಿ ಉಳಿಯುವುದು ನಾರು. ಮದುವೆ ಮನೆಯ ಅಡುಗೆಯವರು ಮಾಡುವ ಹಾಗೆ ಮಾಡಿ. ತೊಟ್ಟಿನ ಕಡೆಯ ತುದಿ ಕತ್ತರಿಸಿ ಕಹಿ ನೋಡಿ, ಕಾಯಿಯನ್ನು ಅಂಗೈಯಲ್ಲಿ ಹಿಡಿದು, ತುದಿಗೆ ಚಾಕುವಿನಿಂದ ಉದ್ದಕ್ಕೂ ಅಡ್ಡಕ್ಕೂ ಕಚ್ಚು ಹಾಕಿ, ಆ ಕೊಚ್ಚಿದ ಭಾಗವನ್ನು ತೆಳ್ಳಗೆ ಹೆರೆದು ಪಾತ್ರೆಗೆ ಬೀಳಿಸುತ್ತಾ ಹೋಗುವುದು. ಈಳಿಗೆಮಣೆ ಅಭ್ಯಾಸ ಇದ್ದವರಿಗೆ ಅದರಲ್ಲೇ ಸಲೀಸು.

ಯಾವ ತುರಿಮಣೆಯಾದರೂ ಡಬ್ಬಿ ನೆನೆಯದಿರಲು ಇನ್ನೊಂದು ಕೆಲಸ ಮಾಡಬೇಕು. ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿದರೆ ಸಾಕು, ಬಸಿದು ಬಟ್ಟೆಯ ಮೇಲೆ ಐದು ನಿಮಿಷ ಹರಡಬೇಕು. ಒಗ್ಗರಣೆ ಆರಿದ ಮೇಲೆ ಬೆರೆಸಬೇಕು. ಎಣ್ಣೆಯ ಒಗ್ಗರಣೆ, ಕಾಯಿತುರಿ ಬಿಡಬೇಡಿ, ಕ್ಯಾರೆಟ್ಟಿನ ಕೇಸರಿ ಬಣ್ಣದ ಸತ್ವ ಮೈಗೆ ಹತ್ತುವುದು ಜಿಡ್ಡಿನ ಜೊತೆಗೇ. ತೆಂಗಿನ ಸೀಮೆಯಲ್ಲಿದ್ದು ಕಾಯಿಗೆ ಜಿಪುಣತನ ಮಾಡುವುದೂ ಸರಿಯಲ್ಲ. ಉಪ್ಪು, ನಿಂಬೆರಸ ಬೇರೆ ಪುಟ್ಟ ಡಬ್ಬಿಯಲ್ಲಿ. ಮಗಳು ತಿನ್ನುವ ಹೊತ್ತಿಗೆ ಕಲಸಿಕೊಳ್ಳುತ್ತಾಳೆ.

ದಿನಕ್ಕೆ ಮೂರು ನಾಲ್ಕು ಕ್ಯಾರೆಟ್, ಒಂದು ಮೂಲಂಗಿ, ಅಥವಾ ಒಂದು ನವಿಲುಕೋಸು ತುರಿಯುವ ಮನೆಯಾದರೆ 340 ರೂಪಾಯಿಯ ಆಚೆ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಅಂಗಡಿಯಲ್ಲಿ ತೂತಿನ ಅಂಚಿನ ಮೇಲೆ ಹೆಬ್ಬೆರಳನ್ನು ಹಗುರವಾಗಿ ಇಟ್ಟು ನೋಡಿ, ಹಿಡಿದಂತಾಗಬೇಕು. ಜಾರಿದರೆ ಅದು ಈಗಲೇ ಮೊಂಡು. ಕೈ ನಡುಗುವ ವಯಸ್ಸಾದವರು, ತುರಿಯಲು ಆಸೆಪಡುವ ಮಕ್ಕಳು ಇರುವ ಮನೆಯಲ್ಲಿ ಗ್ರಾನೈಟ್ ಕಟ್ಟೆಯೂ ಇದ್ದರೆ ಡ್ರಮ್ ತೆಗೆದುಕೊಳ್ಳಿ.

ನಮ್ಮ ಡ್ರಮ್ ಈಗ ಗುಬ್ಬಿಯಲ್ಲಿ ನಾದಿನಿಯ ಮನೆಯಲ್ಲಿದೆ. ಅವಳ ಹೊಸ ಮನೆಯ ಕಟ್ಟೆ ಕನ್ನಡಿಯ ಹಾಗೆ ಹೊಳೆಯುವ ಗ್ರಾನೈಟ್. ಹೋದ ವಾರ ಫೋನ್ ಮಾಡಿ, "ಅತ್ತಿಗೆ, ಒಂದು ಕೆಜಿ ಬೀಟ್ರೂಟ್ ತುರಿದೆ, ಒಂದು ಸಲಾನೂ ಅಲ್ಲಾಡ್ಲಿಲ್ಲ" ಅಂದಳು. ಗ್ರಾನೈಟ್ ತುಂಡಿನ ಮೇಲೆ ಈಗ ನಾನು ಚಪಾತಿ ಲಟ್ಟಿಸುತ್ತಿದ್ದೇನೆ.