ಫಿಲಿಗ್ರೀ ಒಡವೆ: ಬೆಳ್ಳಿದಾ, ಚಿನ್ನದ್ದಾ?

ಫಿಲಿಗ್ರೀ ಅಂದ್ರೆ ತಂತಿಯ ಕುಸುರಿ ಕೆಲಸ. ಕೂದಲೆಳೆಯಂಥ ಎರಡು ತಂತಿ ಹುರಿ ಮಾಡಿ, ಚಪ್ಪಟೆ ಮಾಡಿ, ಸುರುಳಿ ಸುತ್ತಿ ಚೌಕಟ್ಟಿನೊಳಗೆ ತುಂಬಿ, ಬಿಳಿಗಾರ ಹಾಕಿ ಬೆಸುಗೆ ಹಿಡಿಸೋದು, ಎರಡಕ್ಕೂ ಕೆಲಸ ಇದೇ. ದೊಡ್ಡ ಜುಮ್ಕಿ, ಅಗಲ ಪೆಂಡೆಂಟ್ ಬೇಕಾದ್ರೆ ನಾನಂತೂ ಬೆಳ್ಳಿನೇ ಅಂತೀನಿ, ಯಾಕಂದ್ರೆ ಅದೇ ಡಿಸೈನ್, ಅದೇ ದಪ್ಪದ ತಂತಿ 22 ಕ್ಯಾರೆಟ್ ಚಿನ್ನದಲ್ಲಿ ಮಾಡ್ಸಿದ್ರೆ ತೂಕ ಸುಮಾರು 1.7 ಪಟ್ಟು ಆಗತ್ತೆ, ಕಿವಿ ಜಗ್ಗತ್ತೆ. ಆದ್ರೆ ಬೆಳ್ಳಿ ಗಾಳಿಯಲ್ಲಿರೋ ಗಂಧಕದ ಅಂಶಕ್ಕೆ ಕಪ್ಪಾಗತ್ತೆ, ಅದೂ ಸುರುಳಿ ಸಂದಿಯಲ್ಲೇ ಕೂತ್ಕೊಳ್ಳತ್ತೆ, ಗಟ್ಟಿಯಾಗಿ ಉಜ್ಜಿದ್ರೆ ತಂತಿ ಬಗ್ಗಿ ಅಷ್ಟು ಚೆಂದದ ಕೆಲಸ ಹಾಳು, ಹೊಟ್ಟೆ ಉರಿಯತ್ತೆ. ಗಾಳಿಯಾಡದ ಕವರ್‌ನಲ್ಲಿಡಿ.

ಚಿನ್ನಕ್ಕೆ ಆ ತಲೆನೋವು ಕಮ್ಮಿ. ಪುಟ್ಟ ಓಲೆಗೆ ಚಿನ್ನ ಚೆನ್ನಾಗಿರತ್ತೆ, 22ಕ್ಕಿಂತ 18 ಕ್ಯಾರೆಟ್ ಗಟ್ಟಿ. ದಿನಾ ಹಾಕೋ ಉಂಗುರಕ್ಕೆ ಮಾತ್ರ ಎರಡೂ ಬೇಡ, ತಂತಿ ಸಿಕ್ಕಾಕೊಳ್ಳತ್ತೆ.

ಯಾವ್ದೇ ತಗೊಳ್ಳಿ, ಭೂತಗನ್ನಡಿ ಹಿಡಿದು ತಂತಿ ಅಂಚು ನೋಡಿ. ಕೈಕೆಲಸದ್ದಾದ್ರೆ ಹುರಿ ತಿರುವಿದ ಸಣ್ಣ ಸಣ್ಣ ಹಲ್ಲು ಚೂಪಾಗಿ ಕಾಣತ್ತೆ, ಅಚ್ಚಲ್ಲಿ ಎರಕ ಹೊಯ್ದಿದ್ದು ಮೊಂಡಾಗಿರತ್ತೆ.